ಹಿಮಾಂಗಣದ ಧೀರ

ಯೂರೋಪು ಖಂಡದ ಉತ್ತರ ಭಾಗದಲ್ಲಿರುವ ಫಿನ್‌ಲೆಂಡ್ ದೇಶವು ಸರೋವರಗಳ ನಾಡೆಂದು ಪ್ರಸಿದ್ಧವಾಗಿದೆ. ಹಿರಿದೂ ಕಿರಿದೂ ಆದ 1,80,000ಕ್ಕೂ ಮಿಕ್ಕ ಸರೋವರಗಳು ಅಲ್ಲಿವೆ. ಚಳಿಗಾಲದಲ್ಲಿ ಹಗಲು ಕುಗ್ಗುತ್ತದೆ. ಸರೋವರಗಳ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ. ನಮ್ಮ ಹಳ್ಳಿಗಳ ಮಕ್ಕಳು ಸುಗ್ಗಿ ಮುಗಿದ ಗದ್ದೆಯ ಬಯಲಿನಲ್ಲಿ ಆಟವಾಡುವಂತೆ, ಆ ನಾಡಿನ ಮಕ್ಕಳು ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುತ್ತಾ ಆಡುತ್ತಾರೆ. ಸುಮಾರು 55 ಲಕ್ಷ ಜನಸಂಖ್ಯೆಯ ಈ ಚಿಕ್ಕ ರಾಷ್ಟ್ರವು ಐಸ್ ಹಾಕಿ ಎಂಬ ಕ್ರೀಡೆಯಲ್ಲಿ ಕೆನಡ, ರಷ್ಯ, ಅಮೆರಿಕಗಳಂಥ ಬೃಹದ್ರಾಷ್ಟ್ರಗಳಿಗೆ ಸರಿಸಮನಾಗಿ ನಿಂತಿದೆ. ಆ ಕೀರ್ತಿಗೆ ಕಾರಣರಾದ ಆಟಗಾರರಲ್ಲಿ ಸಕು ಕೊಯಿವು ಅಗ್ರಗಣ್ಯನಾದವನು. ಆತನ ಜೀವನದ ಅತ್ಯಂತ ಕಠಿಣವಾದ ಸ್ಪರ್ಧೆಯು ಮಾತ್ರ ಕ್ರೀಡಾಂಗಣದಲ್ಲಿ ನಡೆಯಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ನಡೆಯಿತು.

ಆತನ ಬಾಳನ್ನು ಅರಿಯುವ ಮುನ್ನ ಆತನು ಆಡಿದ ಆಟದ ಪರಿಚಯ ಮಾಡಿಕೊಳ್ಳುವುದು ಅವಶ್ಯಕ. ಐಸ್ ಹಾಕಿಯು ನಾವು ಬಲ್ಲ ಮೈದಾನದ ಹಾಕಿಯಂತೆಯೇ ಕೋಲುಗಳಿಂದ ಆಡುವ ಆಟ. ಆದರೆ ಇಲ್ಲಿ ಹುಲ್ಲಿನ ನೆಲಕ್ಕೆ ಬದಲಾಗಿ ನುಣುಪಾದ ಮಂಜುಗಡ್ಡೆಯ ಅಂಗಣವಿರುತ್ತದೆ. ಚೆಂಡಿಗೆ ಬದಲಾಗಿ ಗಟ್ಟಿ ರಬ್ಬರಿನಿಂದ ಮಾಡಿದ ಚಪ್ಪಟೆಯಾದ ಬಿಲ್ಲೆಯಿರುತ್ತದೆ. ಇದಕ್ಕೆ ‘ಪಕ್’ ಎಂದು ಹೆಸರು. ಇದರ ವ್ಯಾಸ 7.62 ಸೆಂಟಿಮೀಟರು, ದಪ್ಪ 2.54 ಸೆಂಟಿಮೀಟರು, ತೂಕ ಸುಮಾರು 160 ಗ್ರಾಂ. ನುರಿತ ಆಟಗಾರನು ಬೀಸಿ ಹೊಡೆದಾಗ ಇದು ಗಂಟೆಗೆ 150 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಧಾವಿಸುತ್ತದೆ. ಆಟಗಾರರು ಉಕ್ಕಿನ ಅಲಗುಗಳನ್ನು ಜೋಡಿಸಿದ ಪಾದರಕ್ಷೆಗಳನ್ನು ತೊಟ್ಟು ಮಂಜಿನ ಮೇಲೆ ಜಾರುತ್ತಾರೆ. ಒಂದೊಂದು ತಂಡದಲ್ಲಿ ಗೋಲು ರಕ್ಷಕನೂ ಸೇರಿ ಆರು ಮಂದಿ ಏಕಕಾಲದಲ್ಲಿ ಅಂಗಣದಲ್ಲಿರುತ್ತಾರೆ. ಪಂದ್ಯವು ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ನಡೆಯುತ್ತದೆ. ಶ್ರಮವು ಅತಿಶಯವಾದುದರಿಂದ ಯಾವ ಆಟಗಾರನೂ ಒಮ್ಮೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಆಡುವುದು ವಿರಳ. ಆಟ ನಿಲ್ಲದಿರುವಾಗಲೇ ದಣಿದವರು ಹಿಂದಿರುಗಿ, ವಿಶ್ರಾಂತಿ ಪಡೆದವರು ಅಂಗಣಕ್ಕೆ ಧುಮುಕುತ್ತಾರೆ. ಎದುರಾಳಿಯ ಬಳಿ ಪಕ್ ಇರುವಾಗ ಭುಜದಿಂದ ಅವನನ್ನು ತಳ್ಳಲು ನಿಯಮಗಳು ಅವಕಾಶ ಕೊಡುವುದರಿಂದ ಈ ಆಟಕ್ಕೆ ದೇಹಬಲವೂ ಧೈರ್ಯವೂ ಬೇಕು.

ಆಕ್ರಮಣ ಪಂಕ್ತಿಯ ಮೂವರಲ್ಲಿ ನಡುವಿನವನಿಗೆ ವಿಶೇಷವಾದ ಹೊಣೆಯುಂಟು. ತೀರ್ಪುಗಾರನು ಪಕ್ಕನ್ನು ಎರಡು ತಂಡಗಳ ನಡುವೆ ಬೀಳಿಸಿದಾಗ ಅದಕ್ಕಾಗಿ ಸೆಣಸುವವನು ಅವನೇ. ತನ್ನ ಎಡಬಲದ ಜೊತೆಗಾರರಿಗೆ ಪಕ್ಕನ್ನು ಹಂಚಿ ಗೋಲಿನ ದಾರಿ ತೆರೆಯುವವನೂ ಅವನೇ. ಈ ಆಟದಲ್ಲಿ ಗೋಲು ಹೊಡೆದವನಿಗೆ ಒಂದು ಅಂಕ ದೊರೆಯುವಂತೆ, ಅದಕ್ಕೆ ನೆರವು ನೀಡಿದವನ ಲೆಕ್ಕಕ್ಕೂ ಒಂದು ಅಂಕ ಸೇರುತ್ತದೆ. ಕೊಯಿವು ಇಂಥ ನಡುವಿನ ಆಟಗಾರ. ತಾನು ಗೋಲು ಗಳಿಸಿದುದಕ್ಕಿಂತ ಇತರರಿಂದ ಗೋಲು ಗಳಿಸಿಕೊಟ್ಟುದೇ ಆತನ ಆಟದ ಹೆಚ್ಚಳ.

ಸಕು ಕೊಯಿವು 1974ನೆಯ ಇಸವಿ ನವೆಂಬರ್ 23ರಂದು ಫಿನ್‌ಲೆಂಡಿನ ನೈಋತ್ಯ ತೀರದಲ್ಲಿರುವ ತುರ್ಕು ನಗರದಲ್ಲಿ ಜನಿಸಿದನು. ಔರಾ ನದಿಯ ದಡದಲ್ಲಿ ಬೆಳೆದ ಈ ಪ್ರಾಚೀನ ನಗರವು ಹಿಂದೊಮ್ಮೆ ಆ ನಾಡಿನ ಪ್ರಮುಖ ಪಟ್ಟಣವಾಗಿತ್ತು. ಫಿನ್ನಿಷ್ ಭಾಷೆಯಲ್ಲಿ ‘ಕೊಯಿವು’ ಎಂದರೆ ಭೂರ್ಜವೃಕ್ಷ. ನಮ್ಮ ಪೂರ್ವಿಕರು ಹಿಮಾಲಯದಿಂದ ತಂದ ಯಾವ ಮರದ ತೊಗಟೆಯ ಮೇಲೆ ಗ್ರಂಥಗಳನ್ನು ಬರೆದರೋ ಆ ಮರದ ಜಾತಿಗೆ ಸೇರಿದ ವೃಕ್ಷವಿದು. ಅದು ಫಿನ್‌ಲೆಂಡಿನ ರಾಷ್ಟ್ರೀಯ ವೃಕ್ಷವೂ ಹೌದು. ಹಿಮದ ಭಾರಕ್ಕೆ ಬಾಗಿ, ಹಿಮ ಕರಗಿದೊಡನೆ ಮತ್ತೆ ನೆಟ್ಟಗೆ ನಿಲ್ಲುವುದು ಆ ಮರದ ಸ್ವಭಾವ. ಈ ಹೆಸರು ಅವನಿಗೆ ಎಷ್ಟು ಅನ್ವರ್ಥವಾಯಿತೆಂಬುದು ಮುಂದೆ ತಿಳಿಯುತ್ತದೆ.

ಐಸ್ ಹಾಕಿ ಆಟಗಾರರೆಂದರೆ ಸಾಮಾನ್ಯವಾಗಿ ಆಜಾನುಬಾಹುಗಳು. ಕೊಯಿವು ಹಾಗಿರಲಿಲ್ಲ. ಆತನ ಎತ್ತರ ಸುಮಾರು 178 ಸೆಂಟಿಮೀಟರು. ದೈತ್ಯರಂಥ ಎದುರಾಳಿಗಳ ನಡುವೆ ಆತನು ಚಿಕ್ಕವನಾಗಿ ಕಾಣುತ್ತಿದ್ದನು. ಈ ಕೊರತೆಯನ್ನು ಆತನು ವೇಗದಿಂದಲೂ ಸೂಕ್ಷ್ಮದೃಷ್ಟಿಯಿಂದಲೂ ತುಂಬಿಕೊಂಡನು. ತನ್ನೂರಿನ ಟಿ.ಪಿ.ಎಸ್. ತಂಡವನ್ನು ಸೇರಿ 1993ರಲ್ಲಿಯೂ 1995ರಲ್ಲಿಯೂ ಅದು ರಾಷ್ಟ್ರೀಯ ಪ್ರಶಸ್ತಿ ಗಳಿಸಲು ನೆರವಾದನು. 1993ರಲ್ಲಿ ಕೆನಡ ದೇಶದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡವು ಆತನನ್ನು ತನ್ನ ಆಟಗಾರನನ್ನಾಗಿ ಆಯ್ದುಕೊಂಡಿತು. ಆದರೂ ಆತನು ಆತುರಪಡದೆ ಇನ್ನೂ ಎರಡು ವರ್ಷ ಸ್ವದೇಶದಲ್ಲಿಯೇ ಆಡಿ ಪಳಗಿದನು.

ಆ ಎರಡು ವರ್ಷಗಳ ಕೊನೆಯಲ್ಲಿ ಫಿನ್‌ಲೆಂಡಿನ ಜನ ಇಂದಿಗೂ ಮರೆಯದ ದಿನವೊಂದು ಬಂದಿತು. ಅಲ್ಲಿಯವರೆಗೆ ಆ ದೇಶವು ವಿಶ್ವ ಚಾಂಪಿಯನ್ ಪದವಿಯನ್ನು ಒಮ್ಮೆಯೂ ಪಡೆದಿರಲಿಲ್ಲ. 1994ರಲ್ಲಿ ಅಂತಿಮ ಪಂದ್ಯವನ್ನು ತಲುಪಿ, ಕೆನಡಕ್ಕೆ ಸೋತು ಹಿಂದಿರುಗಿತ್ತು. 1995ರ ಪಂದ್ಯಾವಳಿ ನಡೆದುದು ನೆರೆಯ ಸ್ವೀಡನ್ನಿನಲ್ಲಿ. ಶತಮಾನಗಳ ಕಾಲ ಫಿನ್‌ಲೆಂಡನ್ನು ಆಳಿದ್ದ ಸ್ವೀಡನ್ನೇ ಕ್ರೀಡಾಂಗಣದಲ್ಲಿಯೂ ಆ ದೇಶದ ಪರಮ ಪ್ರತಿಸ್ಪರ್ಧಿ. ಫಿನ್‌ಲೆಂಡ್ ತಂಡದ ಶಿಕ್ಷಕನಾದ ಕುರ್ಟ್ ಲಿಂಡ್‌ಸ್ಟ್ರೋಮ್ ಸ್ವೀಡನ್ನಿನವನೇ ಆಗಿದ್ದುದು ಸ್ವಾರಸ್ಯದ ಸಂಗತಿ. ಕೊಯಿವು ನಡುವಿನಲ್ಲಿ, ವಿಲ್ಲೆ ಪೆಲ್ಟೊನೆನ್ ಮತ್ತು ಯೆರೆ ಲೆಹ್ಟಿನೆನ್ ಇಕ್ಕೆಲಗಳಲ್ಲಿ ನಿಂತು ಆಡಿದ ಪಂಕ್ತಿಯು ಎದುರಾಳಿಗಳನ್ನು ಬೆರಗುಗೊಳಿಸಿತು. ಮೇ 7ರಂದು ಸ್ಟಾಕ್‌ಹೋಮಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಪೆಲ್ಟೊನೆನ್ ಮೂರು ಗೋಲುಗಳನ್ನು ಗಳಿಸಿದನು. ಫಿನ್‌ಲೆಂಡ್ 4–1ರಿಂದ ಸ್ವೀಡನ್ನನ್ನು ಅದರ ರಾಜಧಾನಿಯಲ್ಲಿಯೇ ಸೋಲಿಸಿತು. ಅಂದು ಹೆಲ್ಸಿಂಕಿಯ ಬೀದಿಗಳಲ್ಲಿ ಜನಸಾಗರವೇ ಉಕ್ಕಿತು. ಮಿತಭಾಷಿಗಳೆಂದು ಹೆಸರಾದ ಆ ಜನ ಹಾಡಿ ಕುಣಿದು ಹರ್ಷಿಸಿದರು.

ಅದೇ ವರ್ಷ ಕೊಯಿವು ಅಟ್ಲಾಂಟಿಕ್ ಸಾಗರವನ್ನು ದಾಟಿ ಮಾಂಟ್ರಿಯಲ್ ನಗರವನ್ನು ಸೇರಿದನು. ಕೆನಡ ಹಾಗೂ ಅಮೆರಿಕಗಳ ತಂಡಗಳು ಕಾದಾಡುವ ನ್ಯಾಷನಲ್ ಹಾಕಿ ಲೀಗ್ ಜಗತ್ತಿನಲ್ಲಿಯೇ ಅತ್ಯುನ್ನತ ಮಟ್ಟದ ಐಸ್ ಹಾಕಿ ನಡೆಯುವ ವೇದಿಕೆ. ಅದರ ವಿಜೇತ ತಂಡಕ್ಕೆ ಸ್ಟ್ಯಾನ್ಲಿ ಕಪ್ ದೊರೆಯುತ್ತದೆ. ಮಾಂಟ್ರಿಯಲ್ ತಂಡವು ಈ ಕಪ್ಪನ್ನು 24 ಬಾರಿ ಗೆದ್ದು, ಬೇರೆ ಯಾವ ತಂಡಕ್ಕೂ ಇಲ್ಲದ ಹಿರಿಮೆಯನ್ನು ಪಡೆದಿದೆ. ಆ ನಗರದ ಜನರಿಗೆ ಐಸ್ ಹಾಕಿ ಕೇವಲ ವಿನೋದವಲ್ಲ, ಅದೊಂದು ಶ್ರದ್ಧೆ. ಅಂಥಲ್ಲಿ ಕೊಯಿವು ಬಹುಬೇಗ ಎಲ್ಲರ ಮೆಚ್ಚುಗೆ ಗಳಿಸಿದನು. 1999ರಲ್ಲಿ ಆತನನ್ನು ತಂಡದ ನಾಯಕನನ್ನಾಗಿ ನೇಮಿಸಿದರು. ಯೂರೋಪಿನಲ್ಲಿ ಹುಟ್ಟಿ ಬೆಳೆದ ಆಟಗಾರನೊಬ್ಬನು ಆ ಪುರಾತನ ತಂಡದ ನಾಯಕನಾದುದು ಅದೇ ಮೊದಲು.

ಆದರೆ ನಾಯಕತ್ವದ ಆರಂಭವು ಸುಖಕರವಾಗಿರಲಿಲ್ಲ. ಈ ಮೊದಲೇ 1996ರ ಡಿಸೆಂಬರಿನಲ್ಲಿ, ಲೀಗಿನ ಅಗ್ರಶ್ರೇಣಿಯ ಅಂಕಗಳಿಕೆಗಾರರಲ್ಲಿ ಒಬ್ಬನಾಗಿದ್ದಾಗ, ಮೊಣಕಾಲಿಗೆ ತೀವ್ರವಾದ ಪೆಟ್ಟು ಬಿದ್ದಿತ್ತು. 1999ರಲ್ಲಿ ಭುಜದ ಕೀಲು ತಪ್ಪಿತು. ತಂಡವೂ ದುರ್ಬಲವಾಗಿ, ಸತತವಾಗಿ ಮೂರು ವರ್ಷ ಸ್ಟ್ಯಾನ್ಲಿ ಕಪ್ಪಿನ ಕೊನೆಯ ಹಂತದ ಪಂದ್ಯಗಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಇಷ್ಟೆಲ್ಲ ಸಾಲದೆಂಬಂತೆ ಇದಕ್ಕಿಂತ ಘೋರವಾದ ವಿಪತ್ತು ಆತನಿಗಾಗಿ ಕಾದಿತ್ತು.

2001ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಯಿವು ಬೇಸಿಗೆಯ ವಿರಾಮವನ್ನು ತಾಯ್ನಾಡಿನಲ್ಲಿ ಕಳೆದು ಮಾಂಟ್ರಿಯಲ್‌ಗೆ ಹಿಂದಿರುಗಿದನು. ಪ್ರಯಾಣದ ವೇಳೆಯಲ್ಲಿಯೇ ಆತನಿಗೆ ಹೊಟ್ಟೆಯ ನೋವೂ ವಾಂತಿಯೂ ಕಾಣಿಸಿಕೊಂಡಿದ್ದವು. ಮುಖವು ಬಿಳಿಚಿಕೊಂಡಿತ್ತು. ತಂಡದ ವೈದ್ಯರು ಪರೀಕ್ಷಿಸಿ, ದುಗ್ಧರಸ ವ್ಯವಸ್ಥೆಗೆ ತಗಲುವ ಒಂದು ಬಗೆಯ ಕ್ಯಾನ್ಸರ್ ಎಂದು ನಿರ್ಧರಿಸಿದರು. ಆಗ ಆತನ ವಯಸ್ಸು ಇಪ್ಪತ್ತಾರು.

ನಮ್ಮ ಶರೀರದಲ್ಲಿ ರೋಗಾಣುಗಳೊಡನೆ ಹೋರಾಡುವ ಒಂದು ಜಾತಿಯ ಬಿಳಿಯ ರಕ್ತಕಣಗಳು ಹಿಡಿತ ತಪ್ಪಿ ಬೆಳೆಯುವುದೇ ಈ ರೋಗದ ಮೂಲ. ಆಫ್ರಿಕದ ಉಗಾಂಡದಲ್ಲಿ ಸೇವೆ ಸಲ್ಲಿಸುತ್ತಿದ್ದ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯನು 1958ರಲ್ಲಿ ಇದನ್ನು ವಿವರಿಸಿದುದರಿಂದ ಇದಕ್ಕೆ ಬರ್ಕಿಟ್ ಲಿಂಫೋಮ ಎಂಬ ಹೆಸರು ಬಂದಿದೆ. ಮನುಷ್ಯನ ದೇಹದಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಇದು ಅತ್ಯಂತ ಶೀಘ್ರವಾಗಿ ಬೆಳೆಯತಕ್ಕದ್ದು. ಒಂದೆರಡು ದಿನಗಳಲ್ಲಿಯೇ ರೋಗಕಣಗಳ ಸಂಖ್ಯೆ ಇಮ್ಮಡಿಯಾಗಬಲ್ಲುದು. ಆದುದರಿಂದ ಚಿಕಿತ್ಸೆಯಲ್ಲಿ ಕೊಂಚ ವಿಳಂಬವಾದರೂ ಪ್ರಾಣಕ್ಕೆ ಅಪಾಯ. ಆದರೆ ಇದರಲ್ಲಿಯೇ ಆಶಾಕಿರಣವೂ ಅಡಗಿದೆ. ಕ್ಯಾನ್ಸರಿಗೆ ಕೊಡುವ ಪ್ರಬಲವಾದ ಔಷಧಗಳು ಮುಖ್ಯವಾಗಿ ವಿಭಜನೆಗೊಳ್ಳುತ್ತಿರುವ ಜೀವಕಣಗಳನ್ನು ನಾಶಪಡಿಸುತ್ತವೆ. ಕಣಗಳು ವೇಗವಾಗಿ ವಿಭಜನೆಯಾದಷ್ಟೂ ಔಷಧಕ್ಕೆ ಸುಲಭವಾಗಿ ಗುರಿಯಾಗುತ್ತವೆ. ಆದರೆ ಕೂದಲಿನ ಬುಡ, ಕರುಳಿನ ಒಳಪದರ, ಮೂಳೆಯ ನೆಣ ಇವುಗಳ ಆರೋಗ್ಯವಂತ ಕಣಗಳೂ ಬೇಗ ವಿಭಜನೆಯಾಗುವಂಥವೇ. ಆದ ಕಾರಣ ಔಷಧವು ಅವುಗಳನ್ನೂ ಬಾಧಿಸುತ್ತದೆ. ರೋಗಿಗೆ ಕೂದಲು ಉದುರುತ್ತದೆ, ಆಹಾರ ಸೇರದು, ರಕ್ತ ಕ್ಷೀಣಿಸುತ್ತದೆ. ರೋಗದಷ್ಟೇ ಅದರ ಚಿಕಿತ್ಸೆಯನ್ನೂ ಸಹಿಸಬೇಕಾಗುತ್ತದೆ.

ಕೊಯಿವು ಈ ಚಿಕಿತ್ಸೆಯನ್ನು ಮಾಂಟ್ರಿಯಲ್ ಜನರಲ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಪಡೆದನು. ವರ್ಷಗಟ್ಟಲೆ ಸಾಧನೆಯಿಂದ ಗಟ್ಟಿಯಾಗಿದ್ದ ಶರೀರವು ಕೃಶವಾಯಿತು. ತಲೆಯ ಕೂದಲು ಉದುರಿತು. ಹಿಂದೊಮ್ಮೆ ಇದೇ ವರ್ಗದ ರೋಗಗಳಿಗೆ ತುತ್ತಾಗಿ ಗುಣ ಹೊಂದಿ ಅಂಗಣಕ್ಕೆ ಮರಳಿದ್ದ ಮಾರಿಯೊ ಲೆಮ್ಯೂ, ಜಾನ್ ಕಲೆನ್ ಎಂಬ ಆಟಗಾರರು ಆತನೊಡನೆ ಮಾತಾಡಿ ಧೈರ್ಯ ತುಂಬಿದರು. ಅಪರಿಚಿತರಾದ ಅಭಿಮಾನಿಗಳ ಪತ್ರಗಳು ರಾಶಿರಾಶಿಯಾಗಿ ಬಂದವು. ಆ ವರ್ಷ ಆತನು ಮತ್ತೆ ಆಡುವನೆಂದು ಯಾರೂ ನಿರೀಕ್ಷಿಸಿರಲಿಲ್ಲ; ಬದುಕಿ ಉಳಿದರೆ ಸಾಕೆಂದು ಎಲ್ಲರೂ ಹಾರೈಸಿದರು. 2002ರ ಆರಂಭದಲ್ಲಿ ಚಿಕಿತ್ಸೆ ಮುಗಿದು, ಶರೀರದಲ್ಲಿ ರೋಗದ ಚಿಹ್ನೆ ಕಾಣುವುದಿಲ್ಲವೆಂದು ವೈದ್ಯರು ತಿಳಿಸಿದರು. ಆಗ ಕೊಯಿವು ಮತ್ತೆ ಅಭ್ಯಾಸಕ್ಕೆ ತೊಡಗಿದನು. ಕಳೆದುಹೋದ ಬಲವನ್ನು ದಿನದಿನವೂ ಇಷ್ಟಿಷ್ಟಾಗಿ ಗಳಿಸಿಕೊಂಡನು.

2002ರ ಏಪ್ರಿಲ್ 9ರ ರಾತ್ರಿ ಮಾಂಟ್ರಿಯಲ್ ತಂಡಕ್ಕೂ ಆಟವ ತಂಡಕ್ಕೂ ಪಂದ್ಯವಿತ್ತು. ಇಪ್ಪತ್ತೊಂದು ಸಾವಿರಕ್ಕೂ ಮಿಕ್ಕ ಪ್ರೇಕ್ಷಕರು ಕ್ರೀಡಾಂಗಣವನ್ನು ತುಂಬಿದ್ದರು. ಹನ್ನೊಂದನೆಯ ಸಂಖ್ಯೆಯ ಅಂಗಿಯನ್ನು ತೊಟ್ಟು ಕೊಯಿವು ಮಂಜಿನ ಮೇಲೆ ಕಾಲಿಟ್ಟೊಡನೆ ನೆರೆದವರೆಲ್ಲರೂ ಎದ್ದುನಿಂತರು. ಚಪ್ಪಾಳೆಯ ಸದ್ದು ಸುಮಾರು ಎಂಟು ನಿಮಿಷಗಳ ಕಾಲ ನಿಲ್ಲಲೇ ಇಲ್ಲ. ಎದುರು ತಂಡದ ಆಟಗಾರರೂ ತಮ್ಮ ಕೋಲುಗಳಿಂದ ಮಂಜನ್ನು ತಟ್ಟಿ ಗೌರವ ಸೂಚಿಸಿದರು. ಕೊಯಿವು ಕೈಯೆತ್ತಿ ವಂದಿಸಿದನು. ಆ ರಾತ್ರಿ ಮಾಂಟ್ರಿಯಲ್ 4–3ರಿಂದ ಗೆದ್ದು, ಮೂರು ವರ್ಷಗಳಿಂದ ಕೈತಪ್ಪಿದ್ದ ಕೊನೆಯ ಹಂತದ ಅರ್ಹತೆಯನ್ನು ಮರಳಿ ಪಡೆಯಿತು. ಮುಂದಿನ ಸುತ್ತಿನಲ್ಲಿ ತನಗಿಂತ ಬಹು ಮೇಲಿನ ಸ್ಥಾನದಲ್ಲಿದ್ದ ಬಾಸ್ಟನ್ ತಂಡವನ್ನು ಸೋಲಿಸಿತು. ಎರಡನೆಯ ಸುತ್ತಿನಲ್ಲಿ ಕರೊಲಿನ ತಂಡಕ್ಕೆ ಶರಣಾದರೂ, ಈ ಹನ್ನೆರಡು ಪಂದ್ಯಗಳಲ್ಲಿ ಕೊಯಿವು ಗಳಿಸಿದ ಅಂಕಗಳು ಹತ್ತು. ಕೆಲವೇ ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಮಲಗಿದ್ದವನ ಸಾಧನೆಯಿದು! ಪಂದ್ಯದಲ್ಲಿ ಗಾಯಗೊಂಡು 1968ರಲ್ಲಿ ಮೃತನಾದ ಬಿಲ್ ಮಾಸ್ಟರ್‌ಟನ್ ಎಂಬ ಆಟಗಾರನ ನೆನಪಿಗಾಗಿ, ಛಲವನ್ನೂ ಕ್ರೀಡಾನಿಷ್ಠೆಯನ್ನೂ ಮೆರೆದವರಿಗೆ ಪ್ರತಿವರ್ಷ ಕೊಡುವ ಪಾರಿತೋಷಕವು ಆ ವರ್ಷ ಕೊಯಿವುಗೆ ಸಂದಿತು.

ತನ್ನ ಕಷ್ಟ ಕಳೆಯಿತೆಂದು ಆತನು ಸುಮ್ಮನಾಗಲಿಲ್ಲ. ಚಿಕಿತ್ಸೆಯ ಕಾಲದಲ್ಲಿ ಆತನಿಗೆ ಪಿ.ಇ.ಟಿ. ಎಂಬ ಪರೀಕ್ಷೆ ಬೇಕಾಗಿತ್ತು. ಕ್ಯಾನ್ಸರಿನ ಕಣಗಳು ಸಾಮಾನ್ಯ ಕಣಗಳಿಗಿಂತ ಹೆಚ್ಚಾಗಿ ಗ್ಲೂಕೋಸನ್ನು ಹೀರಿಕೊಳ್ಳುತ್ತವೆ. ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಗ್ಲೂಕೋಸಿನಂಥ ದ್ರವ್ಯಕ್ಕೆ ಜೋಡಿಸಿ ರಕ್ತನಾಳದೊಳಕ್ಕೆ ಸೇರಿಸಿದರೆ ಅದು ಆ ಕಣಗಳಲ್ಲಿ ಹೆಚ್ಚಾಗಿ ಶೇಖರವಾಗುತ್ತದೆ. ಅಲ್ಲಿಂದ ಹೊರಡುವ ಕಿರಣಗಳನ್ನು ಯಂತ್ರವು ಗ್ರಹಿಸಿ, ರೋಗವು ಎಲ್ಲಿ ಉಳಿದಿದೆ, ಎಲ್ಲಿ ನಾಶವಾಗಿದೆ ಎಂಬುದನ್ನು ಚಿತ್ರದಲ್ಲಿ ತೋರಿಸುತ್ತದೆ. ಕೊಯಿವು ಚಿಕಿತ್ಸೆ ಪಡೆಯುತ್ತಿದ್ದ ಆಸ್ಪತ್ರೆಯಲ್ಲಿ ಆಗ ಈ ಯಂತ್ರವಿರಲಿಲ್ಲ. ನಿತ್ರಾಣನಾದ ಆತನು ಪರೀಕ್ಷೆಗಾಗಿ ದೂರದ ಶೆರ್‌ಬ್ರೂಕ್ ನಗರಕ್ಕೆ ಹೋಗಬೇಕಾಯಿತು. ಹೆಸರಾಂತ ಆಟಗಾರನಾದ ತನಗೇ ಹೀಗಾದರೆ ಸಾಮಾನ್ಯ ರೋಗಿಗಳ ಪಾಡೇನು ಎಂಬ ಯೋಚನೆ ಆತನನ್ನು ಕಾಡಿತು. 2002ರಲ್ಲಿ ಆತನು ತನ್ನ ಹೆಸರಿನ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ ಹಣ ಸಂಗ್ರಹಕ್ಕೆ ತೊಡಗಿದನು. ಬಹು ಬೆಲೆಯ ಆ ಯಂತ್ರವು ಮಾಂಟ್ರಿಯಲ್ ಜನರಲ್ ಆಸ್ಪತ್ರೆಗೆ ಬಂದಿತು. ಸಾವಿರಾರು ರೋಗಿಗಳು ಅದರ ಪ್ರಯೋಜನ ಪಡೆದರು. ಆತನು ಹೊಡೆದ ಯಾವ ಗೋಲೂ ಇದರಷ್ಟು ಜನರಿಗೆ ಉಪಕಾರ ಮಾಡಿರಲಾರದು.

ವಿಧಿಯ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. 2006ರ ಫೆಬ್ರವರಿಯಲ್ಲಿ ಇಟಲಿಯ ಟ್ಯುರಿನ್ ನಗರದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸಿನಲ್ಲಿ ಕೊಯಿವು ಫಿನ್‌ಲೆಂಡ್ ತಂಡದ ನಾಯಕನಾಗಿದ್ದನು. ಪ್ರಸಿದ್ಧ ಆಟಗಾರ ತೇಮು ಸೆಲೆನ್ನೆ ಆತನ ಪಂಕ್ತಿಯಲ್ಲಿದ್ದನು. ಇಬ್ಬರೂ ತಲಾ ಹನ್ನೊಂದು ಅಂಕಗಳನ್ನು ಗಳಿಸಿದರು. ಒಂದು ಪಂದ್ಯವನ್ನೂ ಸೋಲದೆ ತಂಡವು ಅಂತಿಮ ಹಂತವನ್ನು ಮುಟ್ಟಿತು. ಎದುರಾಳಿ ಮತ್ತೆ ಸ್ವೀಡನ್. ಎರಡು ಅವಧಿಗಳು ಮುಗಿದಾಗ ಗೋಲುಗಳು 2–2 ಸಮನಾಗಿದ್ದವು. ಮೂರನೆಯ ಅವಧಿ ಆರಂಭವಾಗುತ್ತಲೇ ಕೊಯಿವುವಿನ ಕೋಲು ಮುರಿಯಿತು. ಬೇರೊಂದನ್ನು ತರಲು ಆತನು ಅತ್ತ ತಿರುಗಿದ ಕ್ಷಣದಲ್ಲಿ, ಅವಧಿಯ ಹತ್ತನೆಯ ಸೆಕೆಂಡಿಗೆ, ಸ್ವೀಡನ್ ಗೆಲುವಿನ ಗೋಲು ಹೊಡೆಯಿತು. ಚಿನ್ನವು ಕೂದಲೆಳೆಯಲ್ಲಿ ತಪ್ಪಿ ಬೆಳ್ಳಿ ದೊರೆಯಿತು. ಎರಡು ತಿಂಗಳ ತರುವಾಯ ಲೀಗಿನ ಪಂದ್ಯವೊಂದರಲ್ಲಿ ಎದುರಾಳಿಯ ಕೋಲು ಆಕಸ್ಮಿಕವಾಗಿ ಆತನ ಎಡಗಣ್ಣಿಗೆ ತಗುಲಿ ಅಕ್ಷಿಪಟಲಕ್ಕೆ ಗಾಯವಾಯಿತು. ಶಸ್ತ್ರಚಿಕಿತ್ಸೆಯ ಬಳಿಕವೂ ಆ ಕಣ್ಣಿನ ದೃಷ್ಟಿ ಪೂರ್ಣವಾಗಿ ಮರಳಲಿಲ್ಲ. ಪಕ್ಕದ ಚಲನವಲನಗಳನ್ನು ಕಡೆಗಣ್ಣಿನಿಂದಲೇ ಅರಿತು ಆಡುವವನಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಆದರೂ ಮುಂದಿನ ಋತುವಿನಲ್ಲಿ ಆತನು ಗಳಿಸಿದ 75 ಅಂಕಗಳು ಆತನ ಜೀವಮಾನದ ಅತ್ಯಧಿಕ ಗಳಿಕೆಯಾದವು.

ಮಾಂಟ್ರಿಯಲ್ ಫ್ರೆಂಚ್ ಭಾಷೆಯ ನಗರ. ತನ್ನ ನುಡಿಯನ್ನು ಉಳಿಸಿಕೊಳ್ಳುವುದರಲ್ಲಿ ಅಲ್ಲಿನ ಜನರಿಗೆ ಬಹಳ ಆಸ್ಥೆ. ತಮ್ಮ ತಂಡದ ನಾಯಕನು ಫ್ರೆಂಚ್ ಮಾತನಾಡುವುದಿಲ್ಲವೆಂದು 2007ರಲ್ಲಿ ಕೆಲವರು ಆತನನ್ನು ಬಹಿರಂಗವಾಗಿ ಟೀಕಿಸಿದರು. ಅದು ಆತನಿಗೆ ನೋವು ತಂದಿತು. ಆದರೂ ನಗರದ ಮೇಲಿನ ಆತನ ಪ್ರೀತಿಯಾಗಲಿ ಆತನ ಮೇಲಿನ ನಗರದ ಪ್ರೀತಿಯಾಗಲಿ ಕುಂದಲಿಲ್ಲ. ಹತ್ತು ವರ್ಷಗಳ ನಾಯಕತ್ವದ ಬಳಿಕ 2009ರಲ್ಲಿ ಆತನು ಅಮೆರಿಕದ ಆನಹೈಮ್ ತಂಡವನ್ನು ಸೇರಿ, ಗೆಳೆಯ ಸೆಲೆನ್ನೆಯೊಡನೆ ಆಡಿದನು. 2010ರ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಆತನ ನಾಯಕತ್ವದ ತಂಡವು ಕಂಚಿನ ಪದಕ ಪಡೆಯಿತು. ಆ ತಂಡದಲ್ಲಿ ಆತನ ತಮ್ಮ ಮಿಕ್ಕೊ ಕೊಯಿವು ಕೂಡ ಇದ್ದನು. 2011ರ ಜನವರಿಯಲ್ಲಿ ಎದುರಾಳಿ ತಂಡದ ಅಂಗಿ ತೊಟ್ಟು ಮಾಂಟ್ರಿಯಲ್‌ಗೆ ಬಂದಾಗಲೂ ಪ್ರೇಕ್ಷಕರು ಎದ್ದುನಿಂತು ಆತನನ್ನು ಸ್ವಾಗತಿಸಿದರು.

2014ರ ಸೆಪ್ಟೆಂಬರಿನಲ್ಲಿ ಕೊಯಿವು ಆಟದಿಂದ ನಿವೃತ್ತನಾದನು. ಲೀಗಿನ 1124 ಪಂದ್ಯಗಳಲ್ಲಿ ಆತನು ಗಳಿಸಿದ ಗೋಲುಗಳು 255. ಇತರರ ಗೋಲುಗಳಿಗೆ ನೀಡಿದ ನೆರವು 577. ಒಲಿಂಪಿಕ್ಸಿನಲ್ಲಿ ಒಂದು ಬೆಳ್ಳಿ, ಮೂರು ಕಂಚಿನ ಪದಕಗಳು ಆತನ ಪಾಲಿಗೆ ಬಂದವು. ಸ್ಟ್ಯಾನ್ಲಿ ಕಪ್ ಮಾತ್ರ ಕೊನೆಯವರೆಗೂ ಕೈಗೂಡಲಿಲ್ಲ. ಆತನಿಗಿಂತ ಹೆಚ್ಚು ಗೋಲು ಹೊಡೆದವರೂ ಹೆಚ್ಚು ಕಪ್ಪುಗಳನ್ನು ಗೆದ್ದವರೂ ಅನೇಕರಿದ್ದಾರೆ. ಆದರೆ ಕ್ರೀಡೆಯು ಮನುಷ್ಯನಲ್ಲಿ ಬೆಳೆಸಬೇಕಾದ ಗುಣಗಳು ಯಾವುವು ಎಂದು ಕೇಳಿದರೆ, ಅದಕ್ಕೆ ಉತ್ತರವಾಗಿ ಕೊಯಿವುವಿನ ಬಾಳನ್ನು ತೋರಿಸಬಹುದು. ದೇಹದ ಕಿರಿತನ, ಮುರಿದ ಕೀಲು, ಪ್ರಾಣಾಂತಿಕ ರೋಗ, ಮಂಜಾದ ಕಣ್ಣು ಇವೊಂದೂ ಆತನನ್ನು ಅಂಗಣದಿಂದ ದೂರವಿಡಲಿಲ್ಲ. ಆಟದಲ್ಲಿ ತನಗಿಂತ ಜೊತೆಗಾರನಿಗೆ ಗೋಲಿನ ದಾರಿ ತೆರೆದವನು, ಬಾಳಿನಲ್ಲಿಯೂ ತನ್ನ ನೋವಿನಿಂದ ಇತರರ ನೋವಿಗೆ ಪರಿಹಾರದ ದಾರಿ ತೆರೆದನು. ಹಿಮ ಕರಗಿದ ಮೇಲೆ ತಲೆಯೆತ್ತಿ ನಿಲ್ಲುವ ಭೂರ್ಜವೃಕ್ಷದ ಹೆಸರು ಆತನಿಗೆ ಒಪ್ಪುವಂತೆಯೇ ಇದೆ.